ಕೈಹೊಲಿಗೆಯ ಕೌದಿ ಕೊಳ್ಳುವ ಮುನ್ನ: ಹಿಂಭಾಗದಿಂದ ನೋಡಲು ಆರಂಭಿಸಿ

ದೀಪಾವಳಿ ಕಳೆದು ಬೆಳಗಾವಿಯ ಕಡೆ ಚಳಿ ಬೀಳತೊಡಗಿದರೆ ಸಾಕು, ಓದುಗರಿಂದ ನನಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. ಒಂದು ಅಂಗಡಿಯಲ್ಲಿ ಕೌದಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಇನ್ನೊಂದು ಕಡೆ ನೋಡಲು ಅದರಂತೆಯೇ ಇರುವ ಕೌದಿಗೆ ಸಾವಿರಗಟ್ಟಲೆ ಕೇಳುತ್ತಾರೆ. ಎರಡನ್ನೂ ಕೈಯಲ್ಲೇ ಹೊಲಿದದ್ದೆಂದು ಹೇಳುತ್ತಾರೆ. ಹಾಗಾದರೆ ಯಾವುದನ್ನು ನಂಬಬೇಕು? ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಕೌದಿಯಿಲ್ಲದ ಮನೆ ಒಂದು ಕಾಲಕ್ಕೆ ಇರಲಿಲ್ಲ. ಅದನ್ನು ಮನೆಯ ಹಿರಿಯರೇ ಹೊಲಿಯುತ್ತಿದ್ದರು, ಇಲ್ಲವೆ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ನಮ್ಮದೇ ಹಳೆಯ ಅರಿವೆಗಳಿಂದ ಹೊಲಿದುಕೊಡುತ್ತಿದ್ದರು. ಹೀಗಾಗಿ ಕೌದಿಯ ಒಳಗೆ ಏನಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಈಗ ನಾವು ಅದನ್ನು ಹೊಲಿದಾದ ಮೇಲೆ ನೋಡುತ್ತೇವೆ, ಒಳಗಿನದು ಕಾಣುವುದಿಲ್ಲ. ಕಾಣದ ಭಾಗವನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು ಕೆಲವು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಲವು ಪದರುಗಳ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಆ ಎಲ್ಲ ಪದರುಗಳನ್ನೂ ಸೂಜಿ ದಾಟಿ ಹೋಗುವಂತೆ ಉದ್ದಕ್ಕೂ ಹೊಲಿದ ಹೊದಿಕೆಯೇ ಕೌದಿ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಇದನ್ನೇ ಗೋಧಡಿ ಅಥವಾ ವಾಕಳ ಎನ್ನುತ್ತಾರೆ. ಹತ್ತಿಯನ್ನೋ ಫೈಬರನ್ನೋ ತುಂಬಿದ ರಜಾಯಿ ಬೇರೆ, ಕೌದಿ ಬೇರೆ. ಕೌದಿಯಲ್ಲಿ ಬೆಚ್ಚಗಿಡುವುದು ಬಟ್ಟೆಯ ಪದರುಗಳು ಮತ್ತು ಅವುಗಳ ನಡುವೆ ನಿಂತ ಗಾಳಿ. ಕೌದಿಗೆ ಮೂರು ಭಾಗಗಳಿವೆ: ಬಣ್ಣದ ತುಂಡುಗಳನ್ನು ಕೂಡಿಸಿದ ಮೇಲ್ಪದರು, ಕಾಣದೆ ಉಳಿಯುವ ಒಳಪದರುಗಳು, ಮತ್ತು ಸಾಮಾನ್ಯವಾಗಿ ಒಂದೇ ಬಟ್ಟೆಯಿಂದಾದ ಅಡಿಪದರು.

ಕೊಳ್ಳಲು ಹೋಗುವಾಗ ಅಳತೆ ಟೇಪು, ಒಂದು ಬಿಳಿ ಕರವಸ್ತ್ರ ಮತ್ತು ಕುಡಿಯುವ ನೀರಿನ ಬಾಟಲಿ ಜೊತೆಗಿರಲಿ. ಹಗಲು ಹೊತ್ತಿನಲ್ಲೇ ಹೋಗಿ. ಬನಶಂಕರಿ ಜಾತ್ರೆಯಂತಹ ಕಡೆಗಳಲ್ಲಿ ಸಂಜೆಯ ದೀಪದ ಬೆಳಕಿನಲ್ಲಿ ಎಲ್ಲ ಬಣ್ಣವೂ ಗಾಢವಾಗಿ, ಎಲ್ಲ ಬಟ್ಟೆಯೂ ಹೊಸದಾಗಿ ಕಾಣುತ್ತದೆ. ಸವೆದ ಜಾಗವನ್ನು ಬಿಸಿಲಿನಲ್ಲಿ ಮಾತ್ರ ಗುರುತಿಸಬಹುದು. ಹಾಸಿಗೆಗಾಗಿ ಬೇಕೋ, ಹೊದೆಯಲು ಬೇಕೋ, ಕೂಸಿನ ತೊಟ್ಟಿಲಿಗೆ ಬೇಕೋ ಎಂಬುದನ್ನೂ ಮನೆಯಲ್ಲೇ ನಿರ್ಧರಿಸಿಕೊಂಡು ಹೊರಡಿ, ಏಕೆಂದರೆ ಹಾಸುವ ಕೌದಿ ಬಿಗಿಯಾಗಿದ್ದಷ್ಟೂ ಒಳ್ಳೆಯದು, ಆದರೆ ಹೊದೆಯುವ ಕೌದಿ ಮೈಗೆ ಮೆತ್ತಗೆ ಬೀಳಬೇಕು.

1. ಮೊದಲು ಕೌದಿಯನ್ನು ಹಿಂದುಮುಂದಾಗಿ ತಿರುಗಿಸಿ

ಮಾರುವವರು ಯಾವಾಗಲೂ ಮೇಲ್ಪದರನ್ನು ತೋರಿಸುತ್ತಾರೆ, ಕೊಳ್ಳುವವರು ಅದರ ಬಣ್ಣಕ್ಕೇ ಮನಸೋಲುತ್ತಾರೆ. ನೀವು ಅಡಿಪದರಿನಿಂದ ಆರಂಭಿಸಿ. ಕೌದಿಯ ಹೊಲಿಗೆ ಅತ್ಯಂತ ಸರಳವಾದದ್ದು: ಸೂಜಿ ಕೆಳಗಿಳಿದು, ಸ್ವಲ್ಪ ಮುಂದೆ ಹೋಗಿ ಮೇಲೆ ಬರುತ್ತದೆ. ಇದಕ್ಕೆ ಓಟದ ಹೊಲಿಗೆ ಎನ್ನುತ್ತಾರೆ. ಒಂದೇ ದಾರವಾದ್ದರಿಂದ ಮೇಲೆ ದಾರ ಕಾಣುವಲ್ಲಿ ಕೆಳಗೆ ಖಾಲಿ ಇರುತ್ತದೆ, ಮೇಲೆ ಖಾಲಿ ಇರುವಲ್ಲಿ ಕೆಳಗೆ ದಾರ ಕಾಣುತ್ತದೆ. ಕಸೂತಿ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಕಸೂತಿಯ ಗವಂತಿಯಲ್ಲಿ ಸೂಜಿ ಅದೇ ದಾರಿಯಲ್ಲಿ ಹಿಂದಿರುಗಿ ಬಂದು ಖಾಲಿ ಜಾಗಗಳನ್ನು ತುಂಬುತ್ತದೆ, ಕೌದಿಯಲ್ಲಿ ಹಾಗೆ ಹಿಂದಿರುಗುವುದಿಲ್ಲ.

ಸಾಮಾನ್ಯ ಹೊಲಿಗೆ ಯಂತ್ರ ಎರಡು ದಾರಗಳನ್ನು ಬಳಸುತ್ತದೆ, ಒಂದು ಮೇಲಿನ ರೀಲಿನಿಂದ, ಇನ್ನೊಂದು ಕೆಳಗಿನ ಬಾಬಿನ್‌ನಿಂದ. ಆದ್ದರಿಂದ ಎರಡೂ ಬದಿಯಲ್ಲಿ ದಾರ ಎಡೆಯಿಲ್ಲದೆ ಗೆರೆಯಂತೆ ಸಾಗುತ್ತದೆ. ಹಿಂಭಾಗದಲ್ಲಿ ಇಂತಹ ಅಖಂಡ ಗೆರೆ ಕಂಡರೆ ಅದು ಯಂತ್ರದ್ದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೈಹೊಲಿಗೆಯಂತೆಯೇ ಎಡೆ ಬಿಟ್ಟು ಹೊಲಿಯುವ ಯಂತ್ರಗಳೂ ಇವೆ. ಅವುಗಳನ್ನು ಪತ್ತೆ ಹಚ್ಚಲು ಒಂದು ಮೂಲೆಯಲ್ಲಿ 10 ಹೊಲಿಗೆಗಳ ಉದ್ದವನ್ನು ಟೇಪಿನಿಂದ ಅಳೆಯಿರಿ, ನಂತರ ನಟ್ಟನಡುವೆ 10 ಹೊಲಿಗೆಗಳನ್ನು ಅಳೆಯಿರಿ. ಎಷ್ಟೇ ಪಳಗಿದ ಕೈಯಾದರೂ ಎರಡು ಅಳತೆಗಳ ನಡುವೆ ಒಂದಿಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಎಲ್ಲಿ ಅಳೆದರೂ ಕೂದಲೆಳೆಯ ವ್ಯತ್ಯಾಸವೂ ಇಲ್ಲದಿದ್ದರೆ ಅನುಮಾನಿಸಿ. ಜೊತೆಗೆ, ಕೈಯಲ್ಲಿ ಹೊಲಿಯುವವರು ತೋಳಿಗೆ ಎಟಕುವಷ್ಟು ದಾರವನ್ನಷ್ಟೇ ಸೂಜಿಗೆ ಪೋಣಿಸುವುದರಿಂದ ಆ ದಾರ ಮುಗಿದು ಹೊಸದು ಶುರುವಾದ ಗುರುತುಗಳು ಕೌದಿಯ ತುಂಬ ಇರಬೇಕು. ಒಂದೂ ಸಿಗದಿದ್ದರೆ ಅದು ಕೈಕೆಲಸವಲ್ಲ.

ಮೇಲ್ಪದರಿನ ತುಂಡುಗಳನ್ನು ಯಂತ್ರದಲ್ಲಿ ಕೂಡಿಸಿ, ಪದರುಗಳನ್ನು ಮಾತ್ರ ಕೈಯಲ್ಲಿ ಹೊಲಿದ ಕೌದಿಗಳೂ ಸಿಗುತ್ತವೆ. ನನ್ನ ದೃಷ್ಟಿಯಲ್ಲಿ ಇದು ದೋಷವಲ್ಲ. ತುಂಡುಗಳ ಕೂಡಿಕೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಮಾರುವವರು ಅದನ್ನು ಹೇಳಬೇಕು ಮತ್ತು ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು. ತುಂಡುಗಳೇ ಇಲ್ಲದೆ, ಚೌಕಗಳ ಚಿತ್ರವನ್ನು ಒಂದೇ ಬಟ್ಟೆಯ ಮೇಲೆ ಮುದ್ರಿಸಿದ್ದರೆ ಮಾತ್ರ ಅದನ್ನು ಕೌದಿ ಎಂದು ಕೊಳ್ಳಬೇಡಿ. ಚೌಕಗಳ ಗೆರೆಯ ಮೇಲೆ ಬೆರಳಾಡಿಸಿದರೆ ಕೂಡಿಕೆಯ ಉಬ್ಬು ತಗಲಬೇಕು.

2. ಹೊಲಿಗೆಯನ್ನು ಎಣಿಸಿ

ಕೌದಿಯ ಆಯುಷ್ಯವೂ ಬೆಲೆಯೂ ಮುಖ್ಯವಾಗಿ ನಿಂತಿರುವುದು ಇದರ ಮೇಲೆಯೇ, ಆದ್ದರಿಂದ ಈ ಹಂತದಲ್ಲಿ ಆತುರ ಬೇಡ. ಎರಡು ಅಳತೆಗಳು ಬೇಕು: ಒಂದು ಇಂಚಿನಲ್ಲಿ ಎಷ್ಟು ಹೊಲಿಗೆ, ಮತ್ತು ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಎಷ್ಟು ಅಂತರ. ದಿನಬಳಕೆಯ ಕೌದಿಗೆ ನಾನು ಒಪ್ಪುವ ಕನಿಷ್ಠ ಮಟ್ಟವೆಂದರೆ ಇಂಚಿಗೆ 4 ಹೊಲಿಗೆ ಮತ್ತು ಒಂದು ಇಂಚು ಮೀರದ ಅಂತರ. ಅರ್ಧ ಇಂಚಿನ ಅಂತರದಲ್ಲಿ ಹೊಲಿದದ್ದಾದರೆ ಅದು ಉತ್ತಮ ಕೆಲಸ. ಎರಡು ಇಂಚಿಗೊಂದು ಸಾಲು ಹಾಕಿದ ಕೌದಿಯಲ್ಲಿ ಒಳಪದರುಗಳಿಗೆ ಹಿಡಿತ ಸಾಲದೆ, ಒಗೆದಾಗ ಅವು ಜಾರಿ ಒಂದು ಕಡೆ ಗುಡ್ಡೆಯಾಗುತ್ತವೆ.

ಸಾಲುಗಳು ಉದ್ದಕ್ಕೆ ಸಮಾಂತರವಾಗಿರಬಹುದು, ಅಥವಾ ಅಂಚಿನಿಂದ ಸುತ್ತುತ್ತ ನಡುವಿಗೆ ಬಂದು ಮುಗಿಯಬಹುದು. ಎರಡೂ ಸರಿಯಾದ ಪದ್ಧತಿಗಳೇ. ಸುತ್ತುತ್ತ ಬಂದ ಹೊಲಿಗೆಯಾದರೆ ನಡುಭಾಗವನ್ನು ಚಪ್ಪಟೆಯಾಗಿ ಹಾಸಿ ನೋಡಿ; ಅಂಚಿನಿಂದ ಒಳಕ್ಕೆ ತಳ್ಳುತ್ತ ಬಂದ ಬಟ್ಟೆ ಅಲ್ಲಿ ಕೂಡಿಕೊಂಡು ಹೊಟ್ಟೆ ಬಂದಂತೆ ಉಬ್ಬಿದ್ದರೆ, ಪದರುಗಳನ್ನು ಮೊದಲೇ ಬಿಗಿಯಾಗಿ ಹಾಸಿ ದೊಡ್ಡ ಹೊಲಿಗೆ ಹಾಕಿಕೊಂಡಿಲ್ಲ ಎಂದರ್ಥ. ಅಂಚಿನ ಹತ್ತಿರ ದಟ್ಟವಾಗಿದ್ದು ನಡುವೆ ವಿರಳವಾಗಿರುವ ಕೆಲಸವನ್ನೂ ಗಮನಿಸಿ, ಏಕೆಂದರೆ ಮಡಚಿಟ್ಟ ಕೌದಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಅಂಚಷ್ಟೇ. ಆದ್ದರಿಂದ ಪೂರ್ತಿ ಬಿಚ್ಚದ ಕೌದಿಯನ್ನು ಕೊಳ್ಳಲೇಬಾರದು.

ಬಿಗಿತವನ್ನು ಹೀಗೆ ನೋಡಿ. ಒಂದು ಹೊಲಿಗೆಯ ಕೆಳಗೆ ಉಗುರು ಸೇರಿಸಿ ನಿಧಾನವಾಗಿ ಎತ್ತಿ. ದಾರ ಕೊಂಚ ಅಲುಗಬೇಕು, ಆದರೆ ಬೆರಳ ತುದಿ ತೂರುವಷ್ಟು ಸಡಿಲವಾಗಬಾರದು. ಅಷ್ಟು ಸಡಿಲವಾದ ಹೊಲಿಗೆಗೆ ಕಾಲುಂಗುರವೋ ಬಳೆಯೋ ಸಿಕ್ಕಿ ಒಂದು ರಾತ್ರಿಯಲ್ಲೇ ದಾರ ಕಿತ್ತುಬರುತ್ತದೆ. ಇದಕ್ಕೆ ವಿರುದ್ಧವಾಗಿ ಬಟ್ಟೆ ನೆರಿಗೆ ನೆರಿಗೆಯಾಗಿ ಕುಗ್ಗಿದ್ದರೆ ಹೊಲಿಗೆ ಅತಿ ಬಿಗಿಯಾಗಿದೆ. ಆಮೇಲೆ ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಇಬ್ಬರೂ ಹದವಾಗಿ ಎಳೆಯಿರಿ. ಪಟಪಟನೆ ದಾರ ಹರಿಯುವ ಸದ್ದು ಕೇಳಿದರೆ ಬೇರೆ ಪರೀಕ್ಷೆಯೇ ಬೇಕಿಲ್ಲ.

ದಾರ ಯಾವುದೆಂದೂ ಕೇಳಿ. ದಪ್ಪನೆಯ ಹತ್ತಿದಾರ ಕೌದಿಗೆ ಸರಿಯಾದದ್ದು. ಹೊಳೆಯುವ ನೈಲಾನ್ ದಾರ ತಾನು ಹರಿಯುವುದಿಲ್ಲವೆಂದು ಕೆಲವರು ಹೊಗಳಿ ಮಾರುತ್ತಾರೆ, ಆದರೆ ಸವೆದು ಮೆದುವಾದ ಹಳೆಯ ಹತ್ತಿ ಬಟ್ಟೆಯನ್ನು ಅದೇ ಗಟ್ಟಿ ದಾರ ಕೊಯ್ಯುತ್ತದೆ. ಹರಿದ ದಾರವನ್ನು ಮತ್ತೆ ಹೊಲಿಯಬಹುದು, ಹರಿದ ಬಟ್ಟೆಗೆ ತೇಪೆ ಹಾಕಬೇಕಾಗುತ್ತದೆ.

3. ಒಳಪದರುಗಳನ್ನು ಮುಟ್ಟಿ ತಿಳಿಯಿರಿ

ಮೊದಲು ಬಾಯಿಬಿಟ್ಟು ಕೇಳಿ: “ಅಕ್ಕಾರ, ಒಳಗ ಏನ ಹಾಕೀರಿ? ಎಷ್ಟ ಪದರ ಅದಾವ್ರಿ?” ತಾನೇ ಹೊಲಿದವರು ಈ ಪ್ರಶ್ನೆಗೆ ತಡವರಿಸುವುದಿಲ್ಲ. ಎರಡು ಹಳೆಯ ಸೀರೆ, ಒಂದು ಧೋತರ ಎಂದು ಎಣಿಸಿ ಹೇಳುತ್ತಾರೆ.

ಉತ್ತರವನ್ನು ಕೈಯಿಂದ ತಾಳೆ ನೋಡಿ. ಎರಡು ಸಾಲುಗಳ ನಡುವಿನ ಜಾಗದಲ್ಲಿ ಕೌದಿಯನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿದರೆ ಪದರುಗಳು ಒಂದರ ಮೇಲೊಂದು ಜಾರುವುದು ತಿಳಿಯುತ್ತದೆ. ನಂತರ ಇಬ್ಬರು ಕೌದಿಯನ್ನು ಬಿಸಿಲಿಗೆ ಎದುರಾಗಿ ಎತ್ತಿ ಹಿಡಿದು, ನೆರಳಿನ ಬದಿಯಿಂದ ನೋಡಿ. ಪದರುಗಳು ಎಲ್ಲೆಡೆ ಸಮವಾಗಿದ್ದರೆ ಬೆಳಕು ಒಂದೇ ತೆರನಾಗಿ ಮಂಕಾಗಿ ಕಾಣುತ್ತದೆ. ಅಲ್ಲಲ್ಲಿ ಬೆಳಕಿನ ಕಿಂಡಿಗಳು ಕಂಡರೆ ಒಳಗೆ ಬಟ್ಟೆ ಸಾಲದೆ ಖಾಲಿ ಬಿಟ್ಟಿದ್ದಾರೆ, ಇಲ್ಲವೆ ಪದರು ಆಗಲೇ ಜಾರಿದೆ. ಒಳಗೆ ಸಣ್ಣ ತುಂಡುಗಳನ್ನು ಹಾಕಿದ್ದರೆ ಅದು ತಪ್ಪಲ್ಲ. ಹಳೆಯ ಅರಿವೆಯನ್ನು ಉಳಿಸಿ ಬಳಸುವುದೇ ಕೌದಿಯ ಹುಟ್ಟು. ಆದರೆ ತುಂಡುಗಳು ಒಂದರ ಮೇಲೊಂದು ಏರಿ ನಿಂತಿರಬೇಕು, ಅಂಚಿಗೆ ಅಂಚು ತಾಗಿಸಿ ಇಟ್ಟಿರಬಾರದು.

ದಪ್ಪವಾಗಿದ್ದೂ ಹಗುರವಾಗಿರುವ ಕೌದಿ ಹೆಚ್ಚು ಮಂದಿಯನ್ನು ಮೋಸಗೊಳಿಸುತ್ತದೆ. ಒಳಗೆ ಪಾಲಿಯೆಸ್ಟರ್ ಫೈಬರ್ ಹಾಳೆ ಇದ್ದರೆ ಹಾಗಾಗುತ್ತದೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಬಿಡಿ: ಫೈಬರ್ ಇದ್ದರೆ ಕೂಡಲೇ ಉಬ್ಬಿ ಮೊದಲಿನಂತಾಗುತ್ತದೆ, ಹತ್ತಿ ಬಟ್ಟೆಯ ಪದರುಗಳಾದರೆ ಸುಕ್ಕು ಉಳಿದುಕೊಂಡು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಫೈಬರ್ ಹಾಕಿದ ಹೊದಿಕೆ ಬೆಚ್ಚಗಿರುವುದು ನಿಜ, ಆದರೆ ವಿಜಯಪುರದ ಬೇಸಿಗೆಯಲ್ಲಿ ಅದನ್ನು ಹಾಸಿಕೊಂಡು ಮಲಗಲು ಆಗುವುದಿಲ್ಲ. ಬೆವರು ಹೀರುವ ಗುಣ ಅದಕ್ಕಿಲ್ಲ. ಹತ್ತಿಯ ಕೌದಿ ವರ್ಷವಿಡೀ ಬಳಕೆಗೆ ಬರುತ್ತದೆ, ಚಳಿಗೆ ಹೊದಿಕೆಯಾಗಿ, ಬೇಸಿಗೆಗೆ ಹಾಸಿಗೆಯಾಗಿ.

ಬಟ್ಟೆ ಹತ್ತಿಯದ್ದೇ ಎಂದು ತಿಳಿಯಲು ಮಾರುವವರ ಅನುಮತಿ ಪಡೆದು ಅಡಿಪದರಿನ ಮೇಲೆ ಒಂದು ಹನಿ ನೀರು ಬಿಡಿ. ಒಗೆದ ಹತ್ತಿ ಬಟ್ಟೆ ಅದನ್ನು ಹೀರಿಕೊಂಡು ಹರಡುತ್ತದೆ, ಪಾಲಿಯೆಸ್ಟರ್ ಮೇಲೆ ಹನಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಗಂಜಿ ಹಾಕಿದ ಹೊಸ ಹತ್ತಿ ಬಟ್ಟೆಯ ಮೇಲೂ ಹನಿ ನಿಲ್ಲಬಹುದು ಎಂಬುದನ್ನು ಮರೆಯಬೇಡಿ. ಇನ್ನೂ ಖಚಿತವಾಗಬೇಕೆಂದರೆ ಅದೇ ಬಟ್ಟೆಯ ಒಂದೆರಡು ಎಳೆಗಳನ್ನು ಕೇಳಿ ಪಡೆದು ಮನೆಯಲ್ಲಿ ಸುಟ್ಟು ನೋಡಬಹುದು: ಹತ್ತಿ ಕಾಗದ ಸುಟ್ಟಂತೆ ವಾಸನೆ ಬಂದು ಮೃದುವಾದ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯಲ್ಲಿ ಈ ಪರೀಕ್ಷೆ ಬೇಡ.

4. ಮೇಲ್ಪದರಿನ ತುಂಡುಗಳು

ಹಳೆಯ ಬಟ್ಟೆಯೆಂದು ಮುಖ ತಿರುಗಿಸಬೇಡಿ. ಹತ್ತಾರು ಸಲ ಒಗೆದ ಹತ್ತಿ ಕುಗ್ಗುವಷ್ಟು ಕುಗ್ಗಿರುತ್ತದೆ, ಹೆಚ್ಚಿನ ಬಣ್ಣ ಬಿಟ್ಟಿರುತ್ತದೆ, ಮೈಗೆ ಮೆತ್ತಗಿರುತ್ತದೆ. ಹೊಸ ಕಟ್‌ಪೀಸುಗಳಿಂದ ಮಾಡಿದ ಕೌದಿ ಕಣ್ಣಿಗೆ ಚೆಂದ, ಆದರೆ ಮೊದಲ ಒಗೆತದಲ್ಲಿ ಒಂದೊಂದು ತುಂಡು ಒಂದೊಂದು ಪ್ರಮಾಣದಲ್ಲಿ ಕುಗ್ಗಿ ಚೌಕಗಳು ಸೊಟ್ಟಗಾಗುತ್ತವೆ. ಹಳೆಯದು ಮತ್ತು ಸವೆದದ್ದು ಎರಡೂ ಒಂದೇ ಅಲ್ಲ. ಎರಡು ಹೆಬ್ಬೆರಳುಗಳನ್ನು ಅಕ್ಕಪಕ್ಕ ಒತ್ತಿಟ್ಟು ಬಟ್ಟೆಯನ್ನು ಮೆಲ್ಲಗೆ ಹೊರಕ್ಕೆ ಹಿಗ್ಗಿಸಿ. ಎಳೆಗಳು ಬಿಟ್ಟು ಜಾಳಿಯಂತಾದರೆ ಆ ತುಂಡು ಇನ್ನು ಬಾಳುವುದಿಲ್ಲ. ನಾಲ್ಕೈದು ಬೇರೆ ಬೇರೆ ತುಂಡುಗಳ ಮೇಲೆ ಇದನ್ನು ಮಾಡಿ.

ನಮ್ಮ ಭಾಗದ ಕೌದಿಗಳಲ್ಲಿ ಇಳಕಲ್ಲ ಸೀರೆಯ ಮತ್ತು ಗುಳೇದಗುಡ್ಡ ಖಣದ ತುಂಡುಗಳು ಇದ್ದರೆ ಬೆಲೆ ಏರುತ್ತದೆ, ಅಂತಹ ಕೌದಿಯ ಅಂದವೂ ಬೇರೆಯೇ. ಇಲ್ಲಿ ಒಂದು ಸೂಕ್ಷ್ಮವಿದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕೊಂಡಿ ಹಾಕಿ, ಅಂದರೆ ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ಸಿಕ್ಕಿಸಿ, ಕೂಡಿಸಿರುತ್ತಾರೆ. ಒಡಲು ಹತ್ತಿಯದಾಗಿದ್ದರೂ ಸೆರಗು ಅನೇಕ ಸೀರೆಗಳಲ್ಲಿ ಕೃತಕ ರೇಷ್ಮೆಯದು, ಎಂದರೆ ರೇಯಾನ್. ಈ ನೂಲು ಒಣಗಿದ್ದಾಗ ಗಟ್ಟಿಯಾಗಿ ಕಂಡರೂ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಹೀಗಾಗಿ ಕೌದಿಯನ್ನು ನೆನೆಸಿ ಹಿಂಡುವಾಗ ಮೊದಲು ಹರಿಯುವುದು ಸೆರಗಿನ ತುಂಡೇ. ಅವು ಕಾಲು ಬೀಳುವ ಕಡೆ ಅಥವಾ ಅಂಚಿನಲ್ಲಿ ಇದ್ದರೆ ನಾನು ಕೊಳ್ಳುವುದಿಲ್ಲ. ನಡುವೆ ಇದ್ದು, ಅವುಗಳ ಮೇಲೆ ಹೊಲಿಗೆ ದಟ್ಟವಾಗಿದ್ದರೆ ಚಿಂತೆಯಿಲ್ಲ. ಜರಿಯ ಅಂಚಿರುವ ತುಂಡುಗಳನ್ನು ಕೂಸಿನ ಕೌದಿಯಲ್ಲಿ ಬೇಡವೇ ಬೇಡ, ಚರ್ಮಕ್ಕೆ ತರಚುತ್ತದೆ.

5. ಬಣ್ಣ ಬಿಡುತ್ತದೆಯೇ?

ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ ಕೆಂಪು, ಕಡುನೀಲಿ ಮತ್ತು ಕಪ್ಪು ತುಂಡುಗಳ ಮೇಲೆ ಒಂದೊಂದಾಗಿ ಇಪ್ಪತ್ತು ಸಲ ಉಜ್ಜಿ. ತಿಳಿಬಣ್ಣಗಳನ್ನು ಬಿಟ್ಟರೂ ನಡೆಯುತ್ತದೆ. ಬಿಳಿಯ ಮೇಲೆ ಬಣ್ಣ ಹತ್ತಿದರೆ ಅದು ಪಕ್ಕದ ತುಂಡಿಗೂ ಹತ್ತುತ್ತದೆ. ನಾನು ಈ ಪರೀಕ್ಷೆ ಮಾಡದೆ ತಂದ ಒಂದು ಕೌದಿಯ ಕೆಂಪು ಮೊದಲ ಒಗೆತದಲ್ಲೇ ಪಕ್ಕದ ಬಿಳಿ ಚೌಕಗಳಿಗೆಲ್ಲ ಇಳಿಯಿತು. ಆ ಕಲೆ ಮತ್ತೆ ಹೋಗಲಿಲ್ಲ.

6. ಅಂಚು, ಮೂಲೆ, ವಾಸನೆ

ಅಂಚಿನಲ್ಲಿ ಎಲ್ಲ ಪದರುಗಳೂ ಒಳಮಡಿಕೆಯಾಗಿರಬೇಕು, ಅಥವಾ ಅಂಚುಪಟ್ಟಿಯೊಳಗೆ ಸೇರಿರಬೇಕು. ಪಟ್ಟಿಯನ್ನು ಬೆರಳಲ್ಲಿ ಸವರುತ್ತ ಸುತ್ತಲೂ ಒಂದು ಸುತ್ತು ಬನ್ನಿ. ಒಳಗೆ ಪೊಳ್ಳು ಸಿಕ್ಕರೆ ಪದರು ಅಂಚಿನವರೆಗೆ ಬಂದಿಲ್ಲ. ಮೂಲೆಗಳೇ ಮೊದಲು ಸವೆಯುವುದರಿಂದ ಅಲ್ಲಿ ಹೊಲಿಗೆ ಇಮ್ಮಡಿಯಾಗಿರುವುದು ಒಳ್ಳೆಯದು.

ಕೌದಿಯನ್ನು ಮೂಗಿಗೆ ಹಿಡಿದು ನೋಡಲು ಸಂಕೋಚ ಬೇಡ. ಮುಗ್ಗಲು ವಾಸನೆ ಬಂದರೆ ಒಗೆಯದ ಅಥವಾ ಪೂರ್ತಿ ಒಣಗದ ಬಟ್ಟೆಯನ್ನು ಒಳಗೆ ಹಾಕಿದ್ದಾರೆ, ಹೊಲಿದಾದ ಮೇಲೆ ಅದನ್ನು ತೆಗೆಯುವುದು ಕಷ್ಟ. ಅತ್ತರು ಅಥವಾ ನುಸಿಗುಳಿಗೆಯ ವಾಸನೆ ವಿಪರೀತವಾಗಿದ್ದರೂ ಒಂದು ದಿನ ಬಿಸಿಲಿಗೆ ಹಾಕಿಸಿ ನೋಡಿದ ಮೇಲೆ ತೀರ್ಮಾನಿಸಿ.

7. ಅಳತೆ ಮತ್ತು ತೂಕ ತಾಳೆಯಾಗಬೇಕು

ಒಬ್ಬರಿಗೆ ಸುಮಾರು 5 ಅಡಿ ಅಗಲ, 7.5 ಅಡಿ ಉದ್ದ, ಇಬ್ಬರಿಗೆ 7.5 ಅಡಿ ಅಗಲ, 9 ಅಡಿ ಉದ್ದ ಸಾಕಾಗುತ್ತದೆ. ಉದ್ದವನ್ನು ಎರಡೂ ಬದಿಯಲ್ಲಿ, ಅಗಲವನ್ನು ಮೇಲೆ, ಕೆಳಗೆ, ನಡುವೆ ಅಳೆಯಿರಿ. ಒಂದೆರಡು ಇಂಚಿನ ವ್ಯತ್ಯಾಸ ಕೈಕೆಲಸದಲ್ಲಿ ಸಹಜ.

ತೂಕದ ಲೆಕ್ಕ ನಮ್ಮ ಹಿರಿಯರ ಅಂದಾಜಿಗೆ ಸರಿಯಾಗಿ ಕೂಡುತ್ತದೆ. ಆರು ಗಜದ ಸೀರೆಯೆಂದರೆ 18 ಅಡಿ. ಅದನ್ನು ನಡುವೆ ಕತ್ತರಿಸಿ, ಸುಮಾರು 45 ಇಂಚು ಅಗಲದ ಎರಡು ತುಂಡುಗಳನ್ನು ಪಕ್ಕಪಕ್ಕ ಕೂಡಿಸಿದರೆ 7.5 ಅಡಿಗೆ 9 ಅಡಿಯ ಹಾಸು ಸಿಗುತ್ತದೆ. ಅಂದರೆ ದೊಡ್ಡ ಕೌದಿಯ ಒಂದು ಪದರಿಗೆ ಒಂದು ಸೀರೆ. ಹತ್ತಿ ಸೀರೆಯೊಂದು ಅರ್ಧ ಕಿಲೋದ ಆಚೀಚೆ ತೂಗುವುದರಿಂದ ಐದು ಪದರಿನ ದೊಡ್ಡ ಕೌದಿ ಎರಡೂವರೆ ಕಿಲೋದ ಸುತ್ತಮುತ್ತ ಇರಬೇಕು. ಅದೇ ಲೆಕ್ಕದಲ್ಲಿ ಒಬ್ಬರ ಕೌದಿ ಒಂದೂವರೆ ಕಿಲೋದ ಹತ್ತಿರ. ಐದು ಪದರು ಎಂದು ಹೇಳಿದ ದೊಡ್ಡ ಕೌದಿ ಒಂದೂವರೆ ಕಿಲೋ ತೂಗಿದರೆ ಎಲ್ಲಿ ಬಟ್ಟೆ ಕಡಿಮೆಯಾಯಿತೆಂದು ಕೇಳಿ.

8. ಬೆಲೆಯನ್ನು ದುಡಿಮೆಯ ಲೆಕ್ಕದಿಂದ ನೋಡಿ

ಒಬ್ಬರ ಕೌದಿಯನ್ನೇ ತೆಗೆದುಕೊಳ್ಳಿ. ಇಂಚಿಗೊಂದು ಸಾಲಿನಂತೆ 60 ಸಾಲು, ಪ್ರತಿ ಸಾಲು 90 ಇಂಚು, ಇಂಚಿಗೆ 4 ಹೊಲಿಗೆ: ಒಟ್ಟು 21,600 ಹೊಲಿಗೆ. ದಾರ ಪೋಣಿಸುವುದು, ಬಟ್ಟೆ ಸರಿಪಡಿಸುವುದು ಎಲ್ಲವನ್ನೂ ಸೇರಿಸಿ ನಿಮಿಷಕ್ಕೆ 20 ಹೊಲಿಗೆ ಹಿಡಿದರೂ 18 ತಾಸು ಬೇಕು. ಅರ್ಧ ಇಂಚಿನ ಸಾಲಾದರೆ 36 ತಾಸು. ಮನೆಗೆಲಸದ ನಡುವೆ ದಿನಕ್ಕೆ ಆರು ತಾಸು ಹೊಲಿಯುವ ಹೆಣ್ಣುಮಗಳಿಗೆ ಇದು ಮೂರರಿಂದ ಆರು ದಿನದ ದುಡಿಮೆ, ಮೇಲ್ಪದರಿನ ತುಂಡುಗಳನ್ನು ಕೂಡಿಸುವ ಕೆಲಸ ಬೇರೆ. ನಿಮ್ಮ ಊರಿನ ದಿನಗೂಲಿಯಿಂದ ಇದನ್ನು ಗುಣಿಸಿ, ಬಟ್ಟೆ ಮತ್ತು ದಾರದ ಖರ್ಚು ಸೇರಿಸಿ ನೋಡಿ. ಕೆಲವು ನೂರು ರೂಪಾಯಿಯ ಕೌದಿ ಪೂರ್ತಿ ಕೈಹೊಲಿಗೆಯದಾಗಿರಲು ಸಾಧ್ಯವಿಲ್ಲ, ಹಾಗೇನಾದರೂ ಆಗಿದ್ದರೆ ಹೊಲಿದವರಿಗೆ ಕೂಲಿ ಸಿಕ್ಕಿಲ್ಲ. ಹೊಲಿಗೆ ಎಣಿಸಿ ಸರಿಯಿದೆಯೆಂದು ಕಂಡುಕೊಂಡ ಮೇಲೆ ದಯವಿಟ್ಟು ಹೆಚ್ಚು ಚೌಕಾಸಿ ಮಾಡಬೇಡಿ.

9. ಹೊಲಿಸುವುದಾದರೆ

ನಿಮ್ಮದೇ ಬಟ್ಟೆ ಕೊಟ್ಟು ಹೊಲಿಸುವುದು ಈಗಲೂ ಉತ್ತಮ ದಾರಿ, ಒಳಪದರಿನ ಸಂಶಯವೇ ಇರುವುದಿಲ್ಲ. ಎಲ್ಲ ಬಟ್ಟೆಗಳನ್ನೂ ಒಗೆದು, ಗುಂಡಿ ಮತ್ತು ಹುಕ್ಕುಗಳನ್ನು ತೆಗೆದು, ಹತ್ತಿಯದನ್ನು ಬೇರೆ, ಟೆರಿಲಿನ್ ಮತ್ತು ಪಾಲಿಯೆಸ್ಟರ್ ಬೇರೆ ಮಾಡಿ ಕೊಡಿ. ಅಳತೆ, ಪದರುಗಳ ಸಂಖ್ಯೆ, ಸಾಲಿನ ಅಂತರ, ದಾರದ ಬಗೆ, ಕೂಲಿ ಇಷ್ಟನ್ನೂ ಮೊದಲೇ ಮಾತಾಡಿ ಚೀಟಿಯಲ್ಲಿ ಬರೆದುಕೊಳ್ಳಿ. ಸಾಧ್ಯವಾದರೆ ಹತ್ತು ಸಾಲು ಹೊಲಿದ ಮೇಲೆ ಒಮ್ಮೆ ಹೋಗಿ ನೋಡಿ ಬನ್ನಿ. ಅಂತರ ಹೆಚ್ಚಾಗಿದ್ದರೆ ಆಗಲೇ ತಿದ್ದಿಸಬಹುದು.

10. ಮನೆಗೆ ತಂದ ಮೇಲೆ ಮೊದಲ ಒಗೆತ

ಸಿದ್ಧ ಕೌದಿ ಕೊಂಡಿದ್ದರೆ ಮೊದಲ ಒಗೆತದಲ್ಲಿ ಬಣ್ಣ ಬಿಟ್ಟರೆ ಅಥವಾ ಹೊಲಿಗೆ ಬಿಚ್ಚಿದರೆ ಹಿಂದಕ್ಕೆ ಪಡೆಯುತ್ತಾರೋ, ದುರಸ್ತಿ ಮಾಡಿಕೊಡುತ್ತಾರೋ ಎಂದು ಹಣ ಕೊಡುವ ಮೊದಲೇ ಕೇಳಿರಿ. ಮನೆಗೆ ತಂದ ವಾರದೊಳಗೆ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ ಒಗೆಯಿರಿ. ಮಹಾನವಮಿಗೆ ಮುನ್ನ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಒಯ್ದು ಬಂಡೆಗೆ ಬಡಿದು ಒಗೆಯುವ ರೂಢಿ ನಮ್ಮಲ್ಲಿದೆ. ಒಳ್ಳೆಯ ಕೌದಿ ಅದನ್ನೂ ತಡೆಯುತ್ತದೆ, ಆದರೆ ಮೊದಲ ಸಲ ಬಡಿಯಬೇಡಿ, ತಿರುಚಿ ಹಿಂಡಬೇಡಿ, ನೀರು ತಾನಾಗಿ ಇಳಿಯಲು ಬಿಡಿ. ಒದ್ದೆ ಕೌದಿಯ ಭಾರ ಒಂದೇ ಹಗ್ಗದ ಮೇಲೆ ಬಿದ್ದರೆ ಹೊಲಿಗೆ ಜಗ್ಗುತ್ತದೆ, ಆದ್ದರಿಂದ ಎರಡು ಹಗ್ಗಗಳ ಮೇಲೆ ಹರಡಿ, ಅಡಿಪದರು ಬಿಸಿಲಿಗೆ ಬರುವಂತೆ ಒಣಗಿಸಿ. ಒಣಗಿದ ಮೇಲೆ ಅಳತೆಯನ್ನು ಮತ್ತೊಮ್ಮೆ ತೆಗೆದುಕೊಂಡು, ಬಿಸಿಲಿಗೆ ಹಿಡಿದು ಪದರುಗಳು ಜಾರಿವೆಯೇ ಎಂದು ನೋಡಿ. ದೋಷ ಕಂಡರೆ ಬಳಸಲು ತೊಡಗುವ ಮೊದಲೇ, ಮಾತು ಕೊಟ್ಟವರ ಬಳಿ ಒಯ್ದು ತೋರಿಸಿ.